ಐದರ ಜಾಗಕ್ಕೆ ಆರು

ಮೈದಾ ಹಿಟ್ಟಿನ ಅಂಟು ಕುದಿಸುವಾಗ ಹುಳ ಹತ್ತಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತೇವೆ. ಆಗ ಒಂದು ವಾಸನೆ ಏಳುತ್ತದೆ. ಅದು ಅಡುಗೆಯ ವಾಸನೆಯಲ್ಲ, ಔಷಧದ್ದೂ ಅಲ್ಲ. ಬೈಲಹೊಂಗಲದ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಪುಸ್ತಕದ ಹಾಳೆ ಮಡಿಸಿ, ಜೋಡಿಸಿ, ಹೊಲಿದು, ಬೆನ್ನಿಗೆ ಆ ಅಂಟು ಹಚ್ಚಿದವಳು ನಾನು. ಪ್ರೆಸ್ಸು ಈಗ ಇಲ್ಲ. ಆ ಜಾಗದಲ್ಲಿ ಬ್ಯಾನರ್ ಮಾಡುವ ಅಂಗಡಿ ಬಂದಿದೆ. ಶಾಲೆಗಳವರು ಹರಿದ ಪುಸ್ತಕಗಳನ್ನು ಮನೆಗೆ ಕಳಿಸುತ್ತಾರೆ, ನಾನು ರಿಪೇರಿ ಮಾಡಿ ಕೊಡುತ್ತೇನೆ.

ಹೋದ ತಿಂಗಳು ರಾಮದುರ್ಗದ ಕಡೆಯ ಸಾಲಹಳ್ಳಿಯಿಂದ ಒಂದು ಚೀಲ ಪುಸ್ತಕ ಬಂತು. ಒಲೆಯ ಮೇಲೆ ಅಂಟು ಇಟ್ಟು, ಚೀಲದಿಂದ ಒಂದೊಂದೇ ತೆಗೆಯುತ್ತಿದ್ದೆ. ಹಳದಿ ರಕ್ಷಾಪುಟದ ಒಂದು ಪುಸ್ತಕ ಕೈಗೆ ಬಂತು. ಮೇಲೆ ಅಗಲ ಟೊಪ್ಪಿಗೆ ಹಾಕಿದ ಎತ್ತರದ ಮನುಷ್ಯನ ಚಿತ್ರ, ಕೆಳಗೆ ನನ್ನ ತಂಗಿ ಶೋಭಾಳ ಹೆಸರು. ತೆರೆದು ನೋಡುವ ಅಗತ್ಯವಿರಲಿಲ್ಲ, ಆದರೂ ತೆರೆದೆ. ಅರವತ್ನಾಲ್ಕನೇ ಪುಟದ ಎದುರಿಗೆ ಎಂಬತ್ತೊಂದನೇ ಪುಟ ಇತ್ತು. ಅಂಟು ತಳ ಹತ್ತಿದ ವಾಸನೆ ಬರುವವರೆಗೆ ನಾನು ಅಲ್ಲೇ ಕುಳಿತಿದ್ದೆ.

ಮೂರು ವರ್ಷದ ಹಿಂದಿನ ಆ ಮಳೆಗಾಲದ ಬಗ್ಗೆ ಬರೆಯಬೇಕೆಂದು ಆಗ ಅನ್ನಿಸಿತು. ನಾನು ಓದಿದ್ದು ಏಳನೆಯ ತರಗತಿಯ ಅರ್ಧದವರೆಗೆ. ಬೇರೆಯವರು ಬರೆದದ್ದನ್ನು ಹೊಲಿದು ರೂಢಿ, ಬರೆದು ರೂಢಿಯಿಲ್ಲ.

ಮೊದಲು ಆ ಟೊಪ್ಪಿಗೆಯ ಮನುಷ್ಯನ ವಿಷಯ. ಅವನು ಅಮೆರಿಕದ ಹಳೆಯ ಕಾಲದ ಸಿನಿಮಾ ನಟ. ನಮ್ಮ ಅಪ್ಪ ಸವದತ್ತಿಯ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ. ಭಾನುವಾರ ಬೆಳಗಿನ ಆಟಕ್ಕೆ ಅಲ್ಲಿ ಹಳೆಯ ಇಂಗ್ಲಿಷ್ ಪಿಕ್ಚರ್ ಹಾಕುತ್ತಿದ್ದರು. ಈ ನಟನ ಹೆಸರು ನಮ್ಮವರ ನಾಲಿಗೆಗೆ ಹೊಂದುತ್ತಿರಲಿಲ್ಲ, ಅಪ್ಪ ಅವನನ್ನು ಉದ್ದ ಸಾಹೇಬ ಅನ್ನುತ್ತಿದ್ದ. ಊರೂ ಹಾಗೇ ಕರೆಯಿತು. "ಈ ವಾರ ಉದ್ದ ಸಾಹೇಬಂದೈತಿ" ಅಂದರೆ ಸಾಕು, ಸಂತೆಗೆ ಬಂದವರೂ ಎತ್ತು ಕಟ್ಟಿ ಒಳಗೆ ಬರುತ್ತಿದ್ದರು.

ಅವ್ವ ತೀರಿಕೊಂಡಾಗ ನನಗೆ ಹನ್ನೆರಡು, ಶೋಭಾಳಿಗೆ ನಾಲ್ಕು. ನಾನು ಶಾಲೆ ಬಿಟ್ಟು ಒಲೆಯ ಮುಂದೆ ಕುಳಿತೆ. ಭಾನುವಾರ ರೊಟ್ಟಿ ಬಡಿದು, ತಂಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅಪ್ಪನಿಗೆ ಬುತ್ತಿ ಒಯ್ಯುವಷ್ಟರಲ್ಲಿ ಟಾಕೀಸಿನಲ್ಲಿ ಇಂಟರ್ವಲ್ ಆಗಿರುತ್ತಿತ್ತು. ಅಪ್ಪ ಮಶೀನಿನ ಪಕ್ಕದಲ್ಲಿ ಉಣ್ಣುವಾಗ ನಾನು ಕ್ಯಾಬಿನ್ನಿನ ಗೋಡೆಯ ಕಿಂಡಿಯಿಂದ ನೋಡುತ್ತಿದ್ದೆ. ಹೀಗಾಗಿ ಉದ್ದ ಸಾಹೇಬನ ಎಲ್ಲ ಪಿಕ್ಚರುಗಳನ್ನೂ ನಾನು ಅರ್ಧದಿಂದ ನೋಡಿದವಳು. ಅವನು ಯಾಕೆ ಸಿಟ್ಟಾಗಿದ್ದಾನೆ, ಯಾರನ್ನು ಹುಡುಕಿಕೊಂಡು ಹೊರಟಿದ್ದಾನೆ, ಒಂದೂ ಗೊತ್ತಿರುತ್ತಿರಲಿಲ್ಲ. ಕೇಳಿದರೆ ಅಪ್ಪ ತುತ್ತು ನುಂಗಿ, "ಏನರ ಹೊಲದ ತಂಟೆ ಇರಬೇಕ ಬಿಡು" ಅನ್ನುತ್ತಿದ್ದ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ.

ಮನೆಗೆ ಬಂದರೆ ಶೋಭಾ ಬಿಡುತ್ತಿರಲಿಲ್ಲ. ನಾನು ನೋಡಿದಲ್ಲಿಂದ ಶುರು ಮಾಡಿದರೆ, "ಮದಲಿಂದ ಹೇಳ" ಎಂದು ಸೆರಗು ಜಗ್ಗುತ್ತಿದ್ದಳು. ಮೊದಲನೆಯ ಅರ್ಧವನ್ನು ನಾನೇ ಕಟ್ಟಿ ಹೇಳಬೇಕಾಯಿತು. ನಾನು ಕಟ್ಟಿದ ಅರ್ಧದಲ್ಲೆಲ್ಲ ಅವನಿಗೊಬ್ಬಳು ಅವ್ವ ಇರುತ್ತಿದ್ದಳು. ಅವನು ಕುದುರೆ ಏರುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತು ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ ಕಟ್ಟಿ ಕೊಡುತ್ತಿದ್ದಳು. ಕಥೆ ಅಲ್ಲಿಗೆ ಬಂದಾಗ ತಂಗಿ, "ಎಷ್ಟ ರೊಟ್ಟಿ?" ಎಂದು ಪ್ರತಿ ಸಲ ಕೇಳುತ್ತಿದ್ದಳು. ನಾನು ಪ್ರತಿ ಸಲ ಐದು ಅನ್ನುತ್ತಿದ್ದೆ.

ಶೋಭಾ ಓದಿದಳು. ನಾನು ಲಗ್ನವಾಗಿ ಬೈಲಹೊಂಗಲಕ್ಕೆ ಬಂದೆ. ಅವಳು ಧಾರವಾಡದಲ್ಲಿ ಕಲಿತು ಕಿತ್ತೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಬಾಯಿ, ಅಂದರೆ ಟೀಚರ್, ಆದಳು. ಅವಳ ಓದು, ನೌಕರಿ, ಗಂಡನ ಒಳ್ಳೆಯತನ, ಇದಾವುದಕ್ಕೂ ನಾನು ಹೊಟ್ಟೆಕಿಚ್ಚು ಪಟ್ಟಿಲ್ಲ. ಅವಳನ್ನು ಬೆಳೆಸಿದವಳು ನಾನು, ಅದರಲ್ಲಿ ನನ್ನದೂ ಪಾಲಿದೆ ಎಂದು ಹಿಗ್ಗುತ್ತಿದ್ದೆ. ಉದ್ದ ಸಾಹೇಬನ ಪಾಲು ಮಾಡಬೇಕಾಗುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

ಆ ವರ್ಷ ಮುಂಗಾರು ಚೆನ್ನಾಗಿ ಹಿಡಿದಿತ್ತು. ಒಂದು ಭಾನುವಾರ ಅವಳು ಕೊಡೆ ಮುಚ್ಚುತ್ತ ಒಳಗೆ ಬಂದು ಒಂದು ದಪ್ಪ ಕಾಗದದ ಕಟ್ಟು ನನ್ನ ತೊಡೆಯ ಮೇಲಿಟ್ಟಳು.

"ಅಕ್ಕಾ, ಸಾಹೇಬನ ಚರಿತ್ರಿ ಬರದೇನಿ."

"ಯಾವ ಸಾಹೇಬ?"

"ಯಾವ ಸಾಹೇಬ ಅಂತ ಕೇಳತಿ? ಅಪ್ಪನ ಉದ್ದ ಸಾಹೇಬ. ನಿಮ್ಮ ಪ್ರೆಸ್ಸಿನ್ಯಾಗ ಹಾಕಿಸ್ತೇನಿ. ನೀನ ಹೊಲಿಬೇಕ ನೋಡ, ಬ್ಯಾರೆದವರ ಕೈಯಾಗ ಕೊಡಬಾರದ."

ಅಪ್ಪನ ಉದ್ದ ಸಾಹೇಬ ಎಂದಳು. ಚಹಾ ಮಾಡಲು ಎದ್ದು ಹೋದೆ, ಮುಖ ಅವಳಿಗೆ ಕಾಣದಿರಲಿ ಎಂದು.

ಅವಳು ಮೂರು ವರ್ಷದಿಂದ ಬರೆಯುತ್ತಿದ್ದಳಂತೆ. ಇಂಗ್ಲಿಷ್ ಪುಸ್ತಕ ತರಿಸಿ ಓದಿದ್ದಳು, ಅವನ ಪಿಕ್ಚರುಗಳನ್ನೆಲ್ಲ ಮೊಬೈಲಿನಲ್ಲಿ ನೋಡಿದ್ದಳು. ಅಂದು ಮಧ್ಯಾಹ್ನ ನನ್ನನ್ನೂ ಕೂರಿಸಿಕೊಂಡು ಒಂದನ್ನು ತೋರಿಸಿದಳು. ಅದರ ಮೊದಲ ಅರ್ಧವನ್ನು ನಾನು ಜೀವನದಲ್ಲಿ ಮೊದಲ ಬಾರಿ ನೋಡಿದೆ. ನಾನು ಕಟ್ಟಿದಂತೆ ಒಂದೂ ಇರಲಿಲ್ಲ. ಅವನು ಸಿಟ್ಟಾಗಿದ್ದುದು ಹೊಲಕ್ಕಲ್ಲ, ಒಬ್ಬ ಗೆಳೆಯನ ಮೋಸಕ್ಕೆ. ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಶೋಭಾ ನಡುನಡುವೆ ನಿಲ್ಲಿಸಿ ಹೇಳುತ್ತಿದ್ದಳು: ಇಲ್ಲಿ ಅವನಿಗೆ ಜ್ವರ ಇತ್ತು, ಈ ಕುದುರೆ ಅವನ ಸ್ವಂತದ್ದು, ಈ ನಗು ನಿರ್ದೇಶಕ ಹೇಳಿಕೊಟ್ಟದ್ದಲ್ಲ. ಗಂಡನ ಮನೆಯ ವಿಷಯವನ್ನು ಬೇರೊಬ್ಬ ಹೆಂಗಸು ಬಂದು ನಮಗೇ ತಿಳಿಸಿ ಹೇಳಿದರೆ ಹೇಗಾಗುತ್ತದೋ ಹಾಗಾಯಿತು ನನಗೆ.

ಅವನ ಜೀವನವನ್ನೂ ಹೇಳಿದಳು. ಮಳೆ ಕಡಿಮೆ ಇರುವ ಸೀಮೆಯಲ್ಲಿ ದನ ಸಾಕುವವರ ಮನೆಯಲ್ಲಿ ಹುಟ್ಟಿದವನು. ಸಿನಿಮಾಕ್ಕೆ ಬಂದ ಮೊದಲ ಕೆಲವು ವರ್ಷ ಅವನ ಮುಖ ಯಾರೂ ನೋಡಲಿಲ್ಲ. ದೊಡ್ಡ ನಟರ ಬದಲಿಗೆ ಕುದುರೆಯಿಂದ ಬೀಳುವುದು ಅವನ ಕೆಲಸ. ಬಿದ್ದವನು ಇವನು, ಎದ್ದು ಧೂಳು ಕೊಡವಿಕೊಂಡು ನಗುವಾಗ ತೋರಿಸುವುದು ಅವರ ಮುಖ.

"ಬೆನ್ನ ಅಷ್ಟ ತೋರಿಸಿ ಹೊಟ್ಟಿ ತುಂಬಿಸಿಕೊಂಡಾನ ಪಾಪ" ಎಂದಳು ಶೋಭಾ.

ನನಗೆ ಪಾಪ ಅನ್ನಿಸಲಿಲ್ಲ. ನನ್ನದೇ ಬದುಕನ್ನು ಯಾರೋ ಹೇಳಿದ ಹಾಗೆ ಆಯಿತು.

ಶ್ರಾವಣಕ್ಕೆ ಎರಡು ವಾರ ಮೊದಲು ಅಚ್ಚಾದ ಹಾಳೆಗಳು ನನ್ನ ಮುಂದೆ ಬಂದವು. ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ, ಅದಕ್ಕೆ ಫಾರ್ಮು ಅನ್ನುತ್ತೇವೆ. ಶೋಭಾಳ ಪುಸ್ತಕದಲ್ಲಿ ಎಂಟು ಫಾರ್ಮು. ಮೊದಲನೆಯದನ್ನು ಮಡಿಸುವಾಗ ಅವಳ ಮುನ್ನುಡಿ ಕಾಣಿಸಿತು. ನಾನು ನಿಧಾನಕ್ಕೆ ಓದುತ್ತೇನೆ, ಆದರೆ ಓದುತ್ತೇನೆ. "ಅಪ್ಪ ಕಂಡ ಚಿತ್ರಗಳ ಕಥೆಗಳಿಂದ ನನಗೆ ಈ ಹುಚ್ಚು ಹತ್ತಿತು" ಎಂದಿತ್ತು. ಅಪ್ಪನಿಗೆ, ಗಂಡನಿಗೆ, ಕಾಲೇಜಿನ ಸರ್ ಒಬ್ಬರಿಗೆ, ಪುಸ್ತಕ ತರಿಸಿಕೊಟ್ಟವರಿಗೆ, ಪ್ರೆಸ್ಸಿನ ಮಾಲಕರಿಗೆ ವಂದನೆ ಇತ್ತು. ಎರಡು ಸಲ ಹುಡುಕಿದೆ. ನಾನಿರಲಿಲ್ಲ.

ಅಪ್ಪ ಒಂದು ದಿನವೂ ಅವಳಿಗೆ ಕಥೆ ಹೇಳಿದವನಲ್ಲ. ಅವನು ಕೊನೆಯ ಆಟ ಮುಗಿಸಿ ಬರುವಷ್ಟರಲ್ಲಿ ಅವಳು ನಿದ್ದೆ ಹೋಗಿರುತ್ತಿದ್ದಳು.

ಮುಂದಿನ ಏಳು ಫಾರ್ಮು ಮಡಿಸುವಾಗ ಕೆಳಗಿನ ಅಂಕಿ ಬಿಟ್ಟು ಬೇರೇನೂ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಮಡಿಸಿದ ಮೇಲೆ ಜೋಡಿಸುವ ಕೆಲಸ. ಉದ್ದ ಮೇಜಿನ ಸುತ್ತ ಒಂದರಿಂದ ಎಂಟರವರೆಗೆ ಕಟ್ಟುಗಳನ್ನು ಇಡುತ್ತೇವೆ. ಮೇಜಿನ ಸುತ್ತ ನಡೆಯುತ್ತ ಒಂದೊಂದು ಕಟ್ಟಿನಿಂದ ಒಂದೊಂದು ಫಾರ್ಮು ಎತ್ತಿಕೊಂಡರೆ ಒಂದು ಸುತ್ತಿಗೆ ಒಂದು ಪುಸ್ತಕ. ಅಂಕಿ ನೋಡುವುದು ಕಟ್ಟು ಇಡುವಾಗ ಮಾತ್ರ. ಆಮೇಲೆ ಕಾಲು ನಡೆಯುತ್ತದೆ, ಕೈ ಎತ್ತುತ್ತದೆ. ಅದಕ್ಕೇ ಕಟ್ಟು ಇಡುವುದನ್ನು ಮಾಲಕರು ನನ್ನನ್ನು ಬಿಟ್ಟು ಯಾರಿಗೂ ಕೊಡುತ್ತಿರಲಿಲ್ಲ. ಒಂದು ಕಟ್ಟು ತಪ್ಪಿದರೆ ಎಲ್ಲ ಪುಸ್ತಕವೂ ತಪ್ಪು. ಅಲ್ಲಿಯವರೆಗೆ ಒಮ್ಮೆಯೂ ನನ್ನದು ತಪ್ಪಿರಲಿಲ್ಲ.

ಅಂದು ಹೊರಗೆ ಜಿಟಿಜಿಟಿ ಮಳೆ. ಜೊತೆಗೆ ಹಾಳೆ ಜೋಡಿಸುವವಳು ಮಗಳ ಮನೆಗೆ ಹೋಗಿದ್ದಳು. ನಾನು ಐದರ ಜಾಗಕ್ಕೆ ಆರು ಇಟ್ಟೆ, ಆರರ ಜಾಗಕ್ಕೆ ಐದು. ಕೈ ತಪ್ಪಲಿಲ್ಲ. ಎರಡು ಕೈಯಿಂದ ಎತ್ತಿ, ಅಂಚು ಸಮ ಮಾಡಿ ಇಟ್ಟೆ. ಆಮೇಲೆ ಮುನ್ನೂರು ಸುತ್ತು ಹಾಕಿದೆ. ಪ್ರತಿ ಸುತ್ತಿನಲ್ಲೂ ಆ ಎರಡು ಕಟ್ಟುಗಳ ಮುಂದೆ ಹಾಯ್ದೆ. ನಡುವೆ ಒಮ್ಮೆ ನೀರು ಕುಡಿಯಲು ನಿಂತೆ, ಕುಡಿದು ಮತ್ತೆ ನಡೆದೆ.

ಬಿಡುಗಡೆ ಕಿತ್ತೂರಿನಲ್ಲಿ, ಶೋಭಾಳ ಹೈಸ್ಕೂಲಿನ ಸಭಾಗೃಹದಲ್ಲಿ. ಪುಸ್ತಕಗಳು ಹಿಂದಿನ ದಿನ ಸಂಜೆಯಷ್ಟೇ ಹೋಗಿದ್ದವು, ಅವಳಿಗೆ ತೆರೆದು ನೋಡಲು ಪುರಸೊತ್ತಿರಲಿಲ್ಲ. ನನಗೆ ಹೊಸ ಇಳಕಲ್ ಸೀರೆ ಕೊಡಿಸಿದ್ದಳು. ಮೂರನೇ ಸಾಲಿನಲ್ಲಿ ಕುಳಿತೆ. ಮುಖ್ಯ ಅತಿಥಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಬೆಳಿಗ್ಗೆ ಕೂತು ಪೂರ್ತಿ ಓದಿ ಬಂದಿದ್ದರು.

"ಒಂದು ಮಾತು ಹೇಳತೇನ್ರಿ" ಎಂದರು. "ನಾ ಭಾಳ ಚರಿತ್ರಿ ಓದೇನಿ. ಎಲ್ಲಾರೂ ಹುಟ್ಟಿದಲ್ಲಿಂದ ಸಾಯೂತನಕ ಸರಳ ಹೇಳಕೋತ ಹೋಗ್ತಾರ. ನಮ್ಮ ಶೋಭಾ ಬಾಯಿಯವರು ಹಂಗ ಮಾಡಿಲ್ಲ. ಸಾಹೇಬ ಕುದುರಿ ಏರಿದ ಅನ್ನೂದಕ್ಕ ನಿಲ್ಲಿಸಿ, ಎದುರಿನ ಪುಟದಾಗ ಮುದುಕಾಗಿ ಬಹುಮಾನ ತಗೋಳಾಕ ವೇದಿಕಿ ಏರ್ತಾನ. ಆಮ್ಯಾಲೆ ಹಿಂದಕ್ಕ ಬಂದು ಕುದುರಿಯಿಂದ ಬಿದ್ದದ್ದು, ಸೊಂಟಾ ಮುರಕೊಂಡದ್ದು, ಯಾರೂ ಕೇಳವರಿಲ್ಲದಂಗಾಗಿ ಕುದುರಿ ಜೀನಾ ಹೊಲಿಯೂ ಅಂಗಡ್ಯಾಗ ಕೂಲಿ ಮಾಡಿದ್ದು. ಮದಲ ಸುಖ ತೋರಿಸಿ ಆಮ್ಯಾಲೆ ಅದರ ಬೆಲಿ ತೋರಿಸ್ಯಾರ. ಇದು ಹೊಸಾ ತಂತ್ರ."

ಸಭೆ ಚಪ್ಪಾಳೆ ಹೊಡೆಯಿತು. ನಾನು ಕೆಡಿಸಿದ್ದೂ ಅವಳಿಗೇ ಹೂವಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ವೇದಿಕೆಯ ಮೇಲೆ ಶೋಭಾ ಪುಸ್ತಕ ತೆರೆದಳು. ಪುಟ ಹಿಂದಕ್ಕೆ ಮುಂದಕ್ಕೆ ತಿರುಗಿಸಿದಳು. ಕಿವಿ ಕೆಂಪಾದದ್ದು ನನಗೆ ಅಲ್ಲಿಂದಲೇ ಕಂಡಿತು. ಸುಮ್ಮನಿದ್ದಿದ್ದರೆ ಹೊಗಳಿಕೆ ಅವಳದೇ ಆಗುತ್ತಿತ್ತು. ಅವಳು ಮೈಕಿನ ಮುಂದೆ ಬಂದಳು.

"ಸರ್ ದೊಡ್ಡ ಮನಸ್ಸಿನಿಂದ ಹೇಳಿದರ್ರಿ. ಆದರ ಇದು ತಂತ್ರ ಅಲ್ಲ, ಹೊಲಿಗಿಯೊಳಗ ಆದ ತಪ್ಪು. ಫಾರ್ಮು ಹಿಂದಮುಂದ ಆಗ್ಯಾವ. ಪುಸ್ತಕಾ ಹೊಲಿದಾಕಿ ನಮ್ಮಕ್ಕ ನೀಲವ್ವ, ಇಲ್ಲೇ ಕುಂತಾಳ. ಆಕಿಗೆ ಅಷ್ಟ ಓದಾಕ ಬರೂದಿಲ್ಲ ಪಾಪ, ಕೈತಪ್ಪಿ ಆಗೇತಿ. ಯಾರೂ ಆಕಿಗೆ ಏನೂ ಅನಬ್ಯಾಡ್ರಿ."

ಮುಂದಿನ ಎರಡು ಸಾಲಿನವರೂ ತಿರುಗಿ ನನ್ನನ್ನು ನೋಡಿದರು. ಯಾರೋ ಒಬ್ಬ ಮುದುಕಿ, "ಇರ್ಲಿ ಬಿಡವಾ, ಆಗತೈತಿ" ಎಂದು ನನ್ನ ತೊಡೆ ತಟ್ಟಿದಳು. ನನ್ನ ಹೆಸರು ಕಡೆಗೂ ಆ ಪುಸ್ತಕದ ಜೊತೆ ಬಂದಿತ್ತು. ನನಗೆ ಓದಲು ಬರುತ್ತದೆ, ಬೇಕೆಂದೇ ಇಟ್ಟೆ, ಎಂದು ಎದ್ದು ನಿಂತು ಹೇಳಬಹುದಿತ್ತು. ಕೆಟ್ಟವಳಾಗುವುದಕ್ಕಿಂತ ದಡ್ಡಿಯಾಗುವುದು ಸುಲಭ ಅನ್ನಿಸಿತು. ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು.

ಅಷ್ಟರಲ್ಲಿ ಬಾಗಿಲ ಬಳಿ ನಲವತ್ತು ಪ್ರತಿ ಮಾರಾಟವಾಗಿ ಹೋಗಿಬಿಟ್ಟಿದ್ದವು. ಉಳಿದದ್ದು ಬೈಲಹೊಂಗಲಕ್ಕೆ ವಾಪಸು ಬಂತು. ಶ್ರಾವಣ ಪೂರ್ತಿ ಶೋಭಾ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ಪ್ರೆಸ್ಸಿಗೆ ಬರುತ್ತಿದ್ದಳು. ನಾನು ದಾರ ಕತ್ತರಿಸಿ ಫಾರ್ಮು ಬಿಡಿಸಿ ಕೊಡುವುದು, ಅವಳು ಅಂಟು ಕೆರೆದು ಸರಿಯಾಗಿ ಇಡುವುದು, ನಾನು ಮತ್ತೆ ಹೊಲಿಯುವುದು. ಹೊರಗೆ ಸೋನೆ ಮಳೆ, ಎದುರಿನ ಗುಡಿಯಲ್ಲಿ ಪುರಾಣ ಓದುವ ಧ್ವನಿ. ಅವಳ ಬೆರಳು ಮೈಲುತುತ್ತದಿಂದ ಹಸಿರಾದದ್ದು ನೋಡಿ ಮಾಲಕರು ನಗುತ್ತಿದ್ದರು.

"ಬಾಯಾರ, ಇನ್ನ ಸಾಲಿ ಬಿಟ್ಟು ಇಲ್ಲೇ ಬರ್ರಿ. ಪಗಾರ ಕಡಿಮಿ, ಚಾ ಮಾತ್ರ ಎರಡ ಸಲ ಸಿಗತೈತಿ."

"ಅಕ್ಕನ ಕೈಯಾಗ ಕೆಲಸಾ ಮಾಡೂದ ಅಂದರ ಬ್ಯಾಡ್ರಪಾ. ಸಣ್ಣಾಕಿ ಇದ್ದಾಗ ಮಾಡಿದ್ದ ಸಾಕ" ಎನ್ನುತ್ತಿದ್ದಳು ಶೋಭಾ.

ಲಗ್ನವಾದ ಮೇಲೆ ನಾವಿಬ್ಬರೂ ಅಷ್ಟು ದಿನ ಜೊತೆಗೆ ಕುಳಿತದ್ದಿಲ್ಲ. ಅಷ್ಟು ಸುಖದ ದಿನಗಳೂ ನನಗೆ ನೆನಪಿಲ್ಲ. ಅವನ್ನು ನಾನು ಸುಳ್ಳಿನಿಂದ ಗಳಿಸಿದ್ದೆ.

ಅವಳು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದಳು. ಆರನ್ನು ಐದೆಂದು ಓದಿದ್ದೇನೆ, ಕಣ್ಣು ಮಂದವಾಗಿರಬೇಕು ಎಂದು ಅವಳ ಲೆಕ್ಕ. ಡಾಕ್ಟರು ಸಣ್ಣ ಅಕ್ಷರದ ಹಲಗೆ ತೋರಿಸಿದರು. ತಪ್ಪು ಓದಬೇಕೋ ಸರಿ ಓದಬೇಕೋ ತಿಳಿಯದೆ ಬೆವರಿದೆ. ಕೊನೆಗೆ ಸರಿಯಾಗೇ ಓದಿದೆ.

"ಇವರ ಕಣ್ಣಿಗೆ ಏನಾಗೇತ್ರಿ? ಇದ್ದ ಚಷ್ಮಾನ ಸಾಕು" ಎಂದರು ಡಾಕ್ಟರು.

"ಹಂಗಾರ ದಣಿವು ಇರಬೇಕ್ರಿ" ಎಂದಳು ಶೋಭಾ. ಆದರೂ ಹೊಸ ಚಷ್ಮಾ ಮಾಡಿಸಿದಳು. ಅದನ್ನು ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆ ಚಷ್ಮಾ ಬಂದ ಮರುದಿನ, ಶೋಭಾ ಇನ್ನೂ ಬಂದಿರಲಿಲ್ಲ. ಬಿಡಿಸಿದ ಐದನೇ ಫಾರ್ಮು ಕೈಯಲ್ಲಿತ್ತು. ಎಪ್ಪತ್ತೊಂದನೇ ಪುಟದ ಮೇಲೆ ಕಣ್ಣು ಬಿತ್ತು. ಸೊಂಟ ಮುರಿದು ಮಲಗಿದ ಸಾಹೇಬ ತನ್ನದೇ ಹಳೆಯ ಪಿಕ್ಚರನ್ನು ನೋಡುತ್ತಾನೆ. ಅಲ್ಲಿ ಶೋಭಾ ಹೀಗೆ ಬರೆದಿದ್ದಳು: "ಈ ಚಿತ್ರವನ್ನು ನಾನು ದೊಡ್ಡವಳಾದ ಮೇಲೆ ಪೂರ್ತಿ ನೋಡಿದೆ. ನಾಯಕ ಮನೆ ಬಿಟ್ಟು ಹೋಗುವಾಗ ಬಾಗಿಲಲ್ಲಿ ಯಾರೂ ಇಲ್ಲ. ನನಗೆ ಈ ಕಥೆ ಹೇಳಿದ ಅಕ್ಕ ಅಲ್ಲಿ ಒಬ್ಬ ತಾಯಿಯನ್ನು ನಿಲ್ಲಿಸಿದ್ದಳು. ಆ ಬಾಗಿಲು ಬಂದಾಗಲೆಲ್ಲ ಇವತ್ತಿಗೂ ನಾನು ಅವಳನ್ನು ಹುಡುಕುತ್ತೇನೆ."

ಓದಿದೊಡನೆ ಮನಸ್ಸು ತಿಳಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಮುಖ ಸುಟ್ಟಂತಾಯಿತು. ಆಮೇಲೆ, ನಾನು ವರ್ಷಗಟ್ಟಲೆ ಹೇಳಿದ್ದನ್ನು ಇವಳು ನಾಲ್ಕು ಸಾಲಿನಲ್ಲಿ ನನಗಿಂತ ಚೆನ್ನಾಗಿ ಹೇಳಿದಳಲ್ಲ ಎಂದು ಮತ್ತೆ ಅದೇ ಉರಿ. ಅಷ್ಟರಲ್ಲಿ ಅವಳು ಕೊಡೆ ಕೊಡವುತ್ತ ಒಳಗೆ ಬಂದಳು. ನಾನು ಹಾಳೆ ಮಡಚಿ ಸೂಜಿ ಪೋಣಿಸಿದೆ. ಅವತ್ತೂ ಹೇಳಲಿಲ್ಲ.

ಸಾಲಹಳ್ಳಿಯ ಪ್ರತಿ ಬಂದ ಮೇಲಿನ ಭಾನುವಾರ ಶೋಭಾ ಬಂದಾಗ ಅದನ್ನು ಆ ತಪ್ಪು ಪುಟಕ್ಕೆ ತೆರೆದು ಮಂಚದ ಮೇಲೆ ಇಟ್ಟಿದ್ದೆ.

"ಅಯ್ಯ, ಆ ನಲವತ್ತರಾಗಿಂದ ಇದು? ಎಲ್ಲಿ ಸಿಕ್ಕಿತು? ಎಷ್ಟ ಹುಡುಕಿದ್ದೆ" ಎಂದು ಎತ್ತಿಕೊಂಡಳು.

"ಶೋಭಾ, ಅವತ್ತ ನನ್ನ ಕೈ ತಪ್ಪಿದ್ದಿಲ್ಲ."

"ಮತ್ತ?"

"ಬೇಕಂತ ಇಟ್ಟೆ. ಐದರ ಜಾಗಾಕ್ಕ ಆರು."

"ಚ್ಯಾಷ್ಟಿ ಮಾಡಬ್ಯಾಡ."

ಮುನ್ನುಡಿಯಿಂದ ಹಿಡಿದು ಎಲ್ಲ ಹೇಳಿದೆ. ಚಹಾ ಆರಿ ಕೆನೆ ಕಟ್ಟಿತು. ಅವಳು ಪುಸ್ತಕದ ಬೆನ್ನನ್ನು ಉಗುರಿನಿಂದ ಗೀರುತ್ತ ಕುಳಿತಳು.

"ಮುನ್ನೂರಕ್ಕ ಮುನ್ನೂರೂ?"

"ಹೂಂ."

"ಕಥಿ ಹೇಳಿದಾಕಿ ನೀನ ಅಂತ ಬರದಿದ್ದೆನಲ್ಲ. ಓದಲಿಲ್ಲೇನ?"

"ಆಮ್ಯಾಲೆ ಓದಿದೆ."

"ಆಮ್ಯಾಲೂ ಹೇಳಲಿಲ್ಲ." ಅವಳು ಗೀರುವುದನ್ನು ನಿಲ್ಲಿಸಿದಳು. "ಅಷ್ಟ ಮಂದಿ ಮುಂದ ನಮ್ಮಕ್ಕಗ ಓದಾಕ ಬರೂದಿಲ್ಲ ಅಂದೆ. ಆ ಮಾತು ಯಾಕರ ಆಡಿದೆ ಅಂತ ಮೂರು ವರ್ಷ ನನಗ ನಾ ಬೈಕೊಂಡೇನಿ. ನಿನ್ನ ಮುಖಾ ನೋಡಿದಾಗೆಲ್ಲಾ ನೆನಪಾಗತಿತ್ತು. ನೀ ಸುಮ್ಮ ಕುಂತಿದ್ದಿ."

ಅದು ನನಗೆ ಹೊಳೆದಿರಲಿಲ್ಲ. ನನ್ನ ತಪ್ಪಿನ ಭಾರ ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅದರಲ್ಲೂ ಒಂದು ಪಾಲು ಅವಳ ತಲೆಯ ಮೇಲಿತ್ತು.

ಕತ್ತರಿ ತೆಗೆದುಕೊಂಡೆ. "ಕೊಡ ಇಲ್ಲೆ. ಅರ್ಧಾ ತಾಸಿನ ಕೆಲಸ. ಬಿಚ್ಚಿ ಸರಿ ಹೊಲದ ಕೊಡತೇನಿ."

"ಬಿಚ್ಚಬ್ಯಾಡ." ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ಸಾಲಹಳ್ಳಿಗೆ ನಾ ಬ್ಯಾರೆ ಕಳಸ್ತೇನಿ. ಇದು ಹಿಂಗ ಇರ್ಲಿ."

ಅವಳು ನನ್ನ ಮೇಲೆ ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. ಇಷ್ಟು ವರ್ಷ ಪಾಪ ಅನ್ನುತ್ತಿದ್ದಳು. ಈಗ ಕಣ್ಣು ಕೆಂಪಗೆ ಮಾಡಿಕೊಂಡು ನನ್ನನ್ನು ನೇರ ನೋಡಿದಳು. ಅವಳು ನೋಡುತ್ತಿದ್ದುದು ಓದಲು ಬಾರದ ಅಕ್ಕನನ್ನಲ್ಲ, ನನ್ನನ್ನೇ.

ಚಹಾ ಮುಟ್ಟದೆ ಚಪ್ಪಲಿ ಮೆಟ್ಟಿದಳು. ಅವಳು ಬಂದಾಗಲೆಲ್ಲ ನಾನು ರೊಟ್ಟಿ ಬುತ್ತಿ ಕಟ್ಟಿ ಇಟ್ಟಿರುತ್ತೇನೆ. ಅದನ್ನು ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಓಣಿಯ ತಿರುವು ಮುಟ್ಟಿದ್ದಳು. ಬಾಗಿಲಲ್ಲೇ ನಿಂತೆ. ತಿರುವಿನಲ್ಲಿ ಅವಳೂ ನಿಂತಳು. ಸ್ವಲ್ಪ ಹೊತ್ತು ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಬಿರಬಿರನೆ ವಾಪಸು ಬಂದು, ಮುಖ ನೋಡದೆ, ನನ್ನ ಕೈಯಿಂದ ಗಂಟು ಕಸಿದುಕೊಂಡಳು.

"ಎಷ್ಟ ಅದಾವ?" ಎಂದು ನೆಲ ನೋಡುತ್ತ ಕೇಳಿದಳು.

"ಐದು" ಎಂದೆ.

ಗಂಟು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಇಂದಿಗೆ ಹದಿನೆಂಟು ದಿನವಾಯಿತು, ಫೋನು ಮಾಡಿಲ್ಲ.